ಹತ್ತು ವರ್ಷ ಎಲ್ಲಿ ಓದಿದೆ?

ದೋಹಾದ ಕನ್ನಡ ಮನೆಗಳಲ್ಲಿ ಮಕ್ಕಳು ಹನ್ನೊಂದನೇ ಕ್ಲಾಸಿಗೆ ಬಂದರೆ ಮಾತು ಸಾಮಾನ್ಯವಾಗಿ ನೀಟ್, ಜೆಇಇ ಕಡೆಗೇ ಹೋಗುತ್ತೆ. "ನಾನು ಲಾ ಓದ್ತೀನಿ" ಅಂತ ಮಗಳೊಬ್ಬಳು ಅಂದರೆ ಬೇರೆಯೇ ಲೆಕ್ಕ ಶುರು. ಕತಾರ್ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಇದೆ. ಆದರೆ ಪಾಠ ಮುಖ್ಯವಾಗಿ ಅರಬ್ಬಿಯಲ್ಲಿ. ಸಿಬಿಎಸ್‌ಇ ಶಾಲೆಯಲ್ಲಿ ಓದಿದವಳಿಗೆ ಅದು ದೂರದ ಮಾತು. ಹಾಗಾಗಿ ಕಣ್ಣು ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ಕಡೆ ತಿರುಗುತ್ತೆ.

ಅಲ್ಲಿನ ಅರ್ಹತೆ ನೋಡೋಕೆ ಸರಳ. ಹನ್ನೆರಡನೇ ತರಗತಿಯಲ್ಲಿ ಶೇ. 45 ಅಂಕ, ಪರಿಶಿಷ್ಟ ಜಾತಿ-ಪಂಗಡದವರಿಗೆ ಶೇ. 40. ಜೊತೆಗೆ ಕ್ಲ್ಯಾಟ್ ಪರೀಕ್ಷೆ: ಎರಡು ಗಂಟೆ, 120 ಪ್ರಶ್ನೆ. ಇದರ ಜೊತೆ ಇನ್ನೊಂದು ಸಾಲು ಕಾಣುತ್ತೆ: ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಸೀಟು. "ನಾವು ಕನ್ನಡದವರೇ ಅಲ್ವಾ!" ಅಂತ ಮನೆಯವರಿಗೆ ಖುಷಿ. ವಿವರ ಓದಿದರೆ ಆ ಖುಷಿ ಇಳಿಯುತ್ತೆ. ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ 10 ವರ್ಷ ಓದಿರಬೇಕು.

2020ರಲ್ಲಿ ರಾಜ್ಯ ಸರ್ಕಾರ ಈ ಮೀಸಲಾತಿಯನ್ನು ಕಾಯಿದೆ ತಿದ್ದಿ ತಂದಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಆಮೇಲೆ ವಿಶ್ವವಿದ್ಯಾಲಯ ತಾನೇ ತನ್ನ ನಿಯಮಗಳಲ್ಲಿ ಅಂಥದ್ದೊಂದು ಪಾಲನ್ನು ಸೇರಿಸಿಕೊಂಡಿತು.

ಪಟ್ನಾದಿಂದ ಬೆಂಗಳೂರಿಗೆ ಬಂದ ಇಂಜಿನಿಯರ್ ಒಬ್ಬರ ಮಗಳು ಮೂರನೇ ಕ್ಲಾಸಿನಿಂದ ಹನ್ನೆರಡರವರೆಗೆ ಅಲ್ಲೇ ಓದಿದ್ದರೆ ಅವಳು ಕರ್ನಾಟಕದ ವಿದ್ಯಾರ್ಥಿನಿ. ದೋಹಾದಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡವನ್ನೇ ಆಡಿ, ಕರ್ನಾಟಕ ಸಂಘದ ರಾಜ್ಯೋತ್ಸವದಲ್ಲಿ ಹಾಡುವ ಹುಡುಗಿ ಅಲ್ಲ. ಇದು ಅನ್ಯಾಯವೇ?

ಮೊದಲು ನಾವು ಇರುವ ಊರಿನ ನಿಯಮ ನೋಡೋಣ. ಕತಾರಿನ ಪೌರತ್ವ ತಂದೆಯಿಂದ ಬರುತ್ತೆ. 2005ರ ಕಾನೂನಿನ ಪ್ರಕಾರ 25 ವರ್ಷ ಇಲ್ಲಿ ಬದುಕಿದ ಪರದೇಶಿ, ಅರಬ್ಬಿ ಜ್ಞಾನದಂಥ ಷರತ್ತುಗಳ ಮೇಲೆ ಅರ್ಜಿ ಹಾಕಬಹುದು, ಆದರೆ ಅದು ಹಕ್ಕಲ್ಲ. ನಮ್ಮ ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ಬೆಳೆದರೂ ಅವರು ಕಳೆದ ವರ್ಷಗಳಿಗೆ ಬೆಲೆ ಇಲ್ಲ, ರಕ್ತಕ್ಕೆ ಇದೆ ಅಂತ ನಾವು ಊಟದ ಮೇಜಿನ ಮುಂದೆ ಎಷ್ಟು ಸಲ ಗೊಣಗಿಲ್ಲ? ಕರ್ನಾಟಕದ ನಿಯಮ ಇದಕ್ಕೆ ತದ್ವಿರುದ್ಧ. ಅಲ್ಲಿ ವರ್ಷ ಎಣಿಸ್ತಾರೆ, ವಂಶ ಕೇಳಲ್ಲ. ದೋಹಾದಲ್ಲಿ "ವರ್ಷ ಎಣಿಸಿ" ಅನ್ನುವವರು ಬೆಂಗಳೂರಿನಲ್ಲಿ "ರಕ್ತ ನೋಡಿ" ಅನ್ನೋದು ಹೇಗೆ? ಎರಡು ಕಡೆಯೂ ನಮಗೆ ಅನುಕೂಲವಾದ ಅಳತೆಯನ್ನೇ ಕೇಳಿದರೆ ಅದು ನ್ಯಾಯದ ಮಾತಾಗಲ್ಲ.

ಹಾಗಂತ ಹತ್ತು ವರ್ಷದ ಅಳತೆಯಲ್ಲಿ ದೋಷವಿಲ್ಲ ಅಂತಲ್ಲ. ನನ್ನ ಕೆಲಸ ಡೇಟಾದ್ದು. ನೇರವಾಗಿ ಅಳೆಯೋಕೆ ಆಗದ್ದಕ್ಕೆ ಬದಲಾಗಿ ಸುಲಭವಾಗಿ ಎಣಿಸಬಹುದಾದ್ದನ್ನು ಇಡೋದು ನಮ್ಮಲ್ಲಿ ದಿನನಿತ್ಯದ ಅಭ್ಯಾಸ. ಇಲ್ಲಿ ಎಣಿಸೋದು ಶಾಲೆಯ ವರ್ಷ. ನಿಜವಾಗಿ ಬೇಕಾಗಿರೋದು ಏನು? ಆ ನಾಡಿನ ಶಾಲೆಗಳ ಇತಿಮಿತಿಯೊಳಗೆ ಓದಿದವರಿಗೆ ಒಂದು ಅವಕಾಶ. ಆ ಜನರ ಕೇಸು ನಡೆಸುವ ವಕೀಲರು. ಬೆಂಗಳೂರಿನ ದುಬಾರಿ ಶಾಲೆಯಲ್ಲಿ ಓದಿದವರೂ, ಲಿಂಗಸುಗೂರಿನ ಸರ್ಕಾರಿ ಶಾಲೆಯಲ್ಲಿ ಓದಿದವರೂ ಈ ಎಣಿಕೆಯಲ್ಲಿ ಒಂದೇ. ಕೆಳ ನ್ಯಾಯಾಲಯಗಳ ಭಾಷೆ ಕನ್ನಡ. ಆದರೂ ಆ ಕಾಲು ಭಾಗದ ಸೀಟಿಗೆ ಒಂದಕ್ಷರ ಕನ್ನಡವೂ ಬೇಕಿಲ್ಲ. ತಕರಾರು ಮಾಡಲೇಬೇಕಾದರೆ ಲಿಂಗಸುಗೂರಿನ ಹುಡುಗಿಯ ಪರವಾಗಿ ಮಾಡೋಣ.

ನಮ್ಮ ಹುಡುಗಿಗೆ ನಷ್ಟ ಆಗಿಲ್ಲವೇ? ಆಗಿದೆ. ದೋಹಾಕ್ಕೆ ಬರುವ ತೀರ್ಮಾನ ಅವಳದ್ದಲ್ಲ, ನಮ್ಮದು. ಸಂಬಳ ಬಂತು, ಊರಲ್ಲಿ ಮನೆ ಕಟ್ಟಿದೆವು. ಆ ತೀರ್ಮಾನದ ಬೆಲೆಯಲ್ಲಿ ಒಂದು ಪಾಲು ಈಗ ಅವಳ ತಲೆ ಮೇಲೆ ಬಂದಿದೆ. ಅದನ್ನು ರಾಯಚೂರು ಜಿಲ್ಲೆಯ ಇನ್ನೊಂದು ಮಗುವಿನ ಸೀಟಿನಿಂದ ತೀರಿಸಿ ಅಂತ ಕೇಳೋದು ಸರಿಯಲ್ಲ. ತೀರಿಸಬೇಕಾದವರು ನಾವೇ. ಹೇಗೆ? ಒಂಬತ್ತನೇ ಕ್ಲಾಸಿನಲ್ಲೇ ಅವಳಿಗೆ ನಿಯಮ ಬಿಡಿಸಿ ಹೇಳಬೇಕು. ಸಾಮಾನ್ಯ ಪಟ್ಟಿಗೆ ಓದೋಕೆ ಸಮಯ, ಪುಸ್ತಕ ಕೊಡಬೇಕು. ಕ್ಲ್ಯಾಟ್ ಕೈಕೊಟ್ಟರೆ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳನ್ನು ಕೀಳಾಗಿ ನೋಡಬಾರದು. ಜೊತೆಗೆ, ಮನೆಯಲ್ಲಿ ಆಡುವ ಕನ್ನಡದ ಜೊತೆ ಓದುವ, ಬರೆಯುವ ಕನ್ನಡವನ್ನೂ ಕಲಿಸಬೇಕು. ನಾಳೆ ತಾಲ್ಲೂಕು ಕೋರ್ಟಿನಲ್ಲಿ ಕಕ್ಷಿದಾರರು ತಂದ ಕಾಗದ ಓದೋಕೆ ಅವಳಿಗೆ ಬೇಕಾಗೋದು ಅದೇ.