ರಜತಕಣವೂ ಹಿಂಸೆಯ ಮೇರೆಯೂ

1928ರಲ್ಲಿ ಪೆನಿಸಿಲಿನ್ನನ್ನು ಕಂಡ ಅಲೆಕ್ಸಾಂಡರ್ ಫ್ಲೆಮಿಂಗರು, 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ, ಅಲ್ಪಪ್ರಮಾಣದ ಔಷಧವು ರೋಗಾಣುಗಳನ್ನು ಕೊಲ್ಲದೆ ಅವಕ್ಕೆ ಪ್ರತಿರೋಧವನ್ನು ಕಲಿಸೀತೆಂದು ಎಚ್ಚರಿಸಿದ್ದರು. ಆ ಎಚ್ಚರಿಕೆಯು ನಿಜವಾಗಿರಲು, ಇಂದು ವಿಜ್ಞಾನಿಗಳ ದೃಷ್ಟಿಯು ನ್ಯಾನೊಕಣಗಳತ್ತ, ವಿಶೇಷತಃ ನೂರು ನ್ಯಾನೊಮೀಟರಿಗೂ ಕಿರಿದಾದ ಬೆಳ್ಳಿಯ ಕಣಗಳತ್ತ, ಹೊರಳಿದೆ. ಪ್ರತಿಜೈವಿಕವು ಸಾಮಾನ್ಯವಾಗಿ ರೋಗಾಣುವಿನ ಯಾವುದೋ ಒಂದು ಮರ್ಮವನ್ನರಿತು ಹೊಡೆದರೆ, ಬೆಳ್ಳಿಯಾದರೋ ಅದರ ಪೊರೆಯನ್ನು ಭೇದಿಸಿ, ಗಂಧಕಯುಕ್ತವಾದ ಪ್ರೋಟೀನುಗಳನ್ನು ಬಂಧಿಸಿ, ಉಗ್ರವಾದ ಆಮ್ಲಜನಕರೂಪಗಳನ್ನು ಹುಟ್ಟಿಸಿ, ಏಕಕಾಲಕ್ಕೆ ಹಲವು ಕಡೆಗಳಿಂದ ಅದನ್ನು ಕೆಡಹುತ್ತದೆ.

ಇಲ್ಲಿ ನನ್ನನ್ನು ಕಾಡುವುದು ಅಹಿಂಸೆಯ ಪ್ರಶ್ನೆ. ಕಣ್ಣಿಗೆ ಕಾಣದ ಏಕೇಂದ್ರಿಯ ಜೀವಿಗಳಿಗೂ ದಯೆ ಸಲ್ಲಬೇಕೆಂದು ಬಗೆದ ಜೈನದರ್ಶನವು, ಗೃಹಸ್ಥನಿಗೆ ಅನಿವಾರ್ಯವಾದ ಹಿಂಸೆಯನ್ನು ಸಂಕಲ್ಪಪೂರ್ವಕವಾದ ಹಿಂಸೆಯಿಂದ ಬೇರೆಯಾಗಿಯೇ ಎಣಿಸಿತು. ಶಿಶುವಿನ ರಕ್ತದಲ್ಲಿ ಬೆಳೆದ ರೋಗಾಣುವನ್ನು ಕೊಲ್ಲುವುದು ಧರ್ಮವೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಕೇವಲ ಬೆವರಿನ ವಾಸನೆಯನ್ನಡಗಿಸಲು ಕಾಲುಚೀಲಗಳಿಗೆ ಅದೇ ಬೆಳ್ಳಿಯನ್ನು ಲೇಪಿಸಿ, ಅದು ತೊಳೆದ ನೀರಿನೊಡನೆ ಹರಿದುಹೋಗಿ, ಮಿತ್ರನೋ ಶತ್ರುವೋ ಎಂಬ ವಿವೇಚನೆಯಿಲ್ಲದೆ ಅನ್ಯಜೀವಾಣುಗಳನ್ನು ಬಾಧಿಸುವಂತೆ ಮಾಡುವುದು ಯಾವ ಅನಿವಾರ್ಯತೆಯಿಂದ? ಬೆಳ್ಳಿಯೂ ಅಜೇಯವಲ್ಲ, ಬಾಸ್ಟನ್ನಿನ ಸುಟ್ಟಗಾಯದ ರೋಗಿಗಳಲ್ಲಿ ಬೆಳ್ಳಿಯ ನೈಟ್ರೇಟಿಗೆ ಜಗ್ಗದ ಸಾಲ್ಮೊನೆಲ್ಲಾ 1975ರ ಹೊತ್ತಿಗೇ ಕಾಣಿಸಿಕೊಂಡಿತ್ತು, ಮತ್ತು ಇಂತಹ ವ್ಯರ್ಥವಾದ ಬಳಕೆಯು ಆ ಪ್ರತಿರೋಧವನ್ನೇ ಪೋಷಿಸೀತು.