ಕೇಳಿದ ನೆನಪು, ಕೂಡಿದ ನೆನಪು

ನೆನಪನ್ನು ಜ್ಞಾನವೆಂದು ಒಪ್ಪಬಹುದೇ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಬಹಳ ಬಿಗಿಯಾಗಿ ಕೇಳಿಕೊಂಡಿವೆ. ನೈಯಾಯಿಕರ ಪ್ರಕಾರ ಸ್ಮೃತಿ ಎಂದರೆ ಹಿಂದಿನ ಅನುಭವವು ಆತ್ಮದಲ್ಲಿ ಉಳಿಸಿಹೋದ ಅಚ್ಚಿನಿಂದ, ಅಂದರೆ ಸಂಸ್ಕಾರದಿಂದ ಮಾತ್ರ ಹುಟ್ಟುವ ಅರಿವು. ಅದು ತನ್ನ ಕಾಲ ಮೇಲೆ ತಾನು ನಿಲ್ಲದೆ ಹಳೆಯ ಅನುಭವವನ್ನು ಆಶ್ರಯಿಸುವುದರಿಂದ ಅದನ್ನು ಪ್ರಮೆಯ, ಎಂದರೆ ಯಥಾರ್ಥ ಅನುಭವದ, ಸಾಲಿಗೆ ಅವರು ಸೇರಿಸಲಿಲ್ಲ. ತಿಳಿದದ್ದನ್ನೇ ಮತ್ತೆ ತಿಳಿಸುವ ಅರಿವಿಗೆ ಪ್ರಮಾಣದ ಪಟ್ಟ ಸಲ್ಲದು ಎಂಬುದು ಮೀಮಾಂಸಕರ ಆಕ್ಷೇಪ. ಆದರೆ ಮಧ್ವಾಚಾರ್ಯರ ಪರಂಪರೆ ಈ ಎರಡನ್ನೂ ಒಪ್ಪದೆ ಸ್ಮೃತಿಯ ಪರ ನಿಂತಿತು. 14ನೆಯ ಶತಮಾನದ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ನಿರೂಪಿಸಿದ ಈ ನಿಲುವಿನಂತೆ, ಮನಸ್ಸೂ ಒಂದು ಇಂದ್ರಿಯ, ಕಣ್ಣು ಎದುರಿನ ವಸ್ತುವನ್ನು ಮುಟ್ಟುವಂತೆ ಮನಸ್ಸು ಸಂಸ್ಕಾರದ ದಾರಿಯಲ್ಲಿ ಆಗಿಹೋದ ವಸ್ತುವನ್ನು ನೇರವಾಗಿ ಮುಟ್ಟುತ್ತದೆ. ಅನುಭವದಲ್ಲಿ ‘ಇದು’ ಆಗಿದ್ದದ್ದು ಸ್ಮೃತಿಯಲ್ಲಿ ‘ಅದು’ ಆಗುತ್ತದೆ. ಕಳೆದುಹೋದದ್ದು ಎಂಬ ಈ ಅಂಶ ಮೊದಲ ಅನುಭವದಲ್ಲಿ ಇರಲೇ ಇಲ್ಲವಾದ್ದರಿಂದ ಸ್ಮೃತಿ ಬರಿಯ ಮರುಕಳಿಕೆಯಲ್ಲ.

ಈ ವಾದವಿವಾದದಲ್ಲಿ ಶಾಸ್ತ್ರಕಾರರು ಎತ್ತಿಕೊಳ್ಳುವ ಉದಾಹರಣೆ ಸಾಮಾನ್ಯವಾಗಿ ಮಡಕೆಯದು, ಬಟ್ಟೆಯದು. ಮಡಕೆಯನ್ನು ನೆನೆಯುವವನು ಮಡಕೆಯನ್ನು ಕಂಡಾಗ ಯಾರಾಗಿದ್ದನೋ ಈಗಲೂ ಅವನೇ ಆಗಿರುತ್ತಾನೆ. ಆದರೆ ಅನುಭವದ ಹೊತ್ತಿನಲ್ಲಿ ‘ತಾನು’ ಎಂಬ ಗೆರೆಯೇ ಮಸುಕಾಗಿದ್ದರೆ, ಆಮೇಲೆ ಅದನ್ನು ನೆನೆಯುವವನು ಯಾರು, ಮತ್ತು ಅವನು ನೆನೆಯುವುದು ಏನನ್ನು? ರಾಕ್ ಮತ್ತು ಮೆಟಲ್ ತಂಡಗಳನ್ನು ಕಣ್ಣೆದುರಿಗೆ ಕೇಳಿ ಬಂದ ಅಭಿಮಾನಿಯ ನೆನಪು ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಮುಂದಿಡುವುದರಿಂದ, ತತ್ತ್ವಶಾಸ್ತ್ರದ ಗಮನಕ್ಕೆ ಅದು ಖಂಡಿತ ಯೋಗ್ಯವಾದುದು.

ಮೆಟಲ್ ಎಂಬುದು 1960ರ ದಶಕದ ಕೊನೆಗೆ ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ ರಾಕ್ ಸಂಗೀತದಿಂದ ಕವಲೊಡೆದ, ಭಾರವಾದ ಗಿಟಾರ್ ನಾದವನ್ನೇ ಜೀವಾಳವಾಗಿಸಿಕೊಂಡ ಪ್ರಕಾರ. ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ ಬಂದ 1970ರ ಫೆಬ್ರವರಿ 13ನ್ನು ಅದರ ಹುಟ್ಟಿದ ದಿನವೆಂದು ಹಲವರು ಎಣಿಸುತ್ತಾರೆ. ಆ ತಂಡದ ಗಿಟಾರ್ ವಾದಕ ಟೋನಿ ಅಯೋಮಿ 17ನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡವರು. ಎಡಗೈ ವಾದಕರಾದ್ದರಿಂದ ತಂತಿ ಒತ್ತಬೇಕಾದ ಬೆರಳುಗಳೇ ಅವು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ತೆಳುವಾದ ತಂತಿ ಹೂಡಿ, ಮುಂದೆ ತಂತಿಗಳ ಬಿಗಿಯನ್ನೂ ಸಡಿಲಿಸಿ ಅವರು ನುಡಿಸಿದಾಗ ನಾದ ಕೆಳಸ್ಥಾಯಿಗೆ ಇಳಿದು ತೂಕ ಪಡೆಯಿತು. ಗಾಯವೊಂದು ಒಂದು ಸಂಗೀತದ ಶ್ರುತಿಯನ್ನು ನಿರ್ಧರಿಸಿದ ಇಂಥ ನಿದರ್ಶನ ವಿರಳ.

ಈ ಸಂಗೀತದ ಆಧಾರಸ್ತಂಭವಾದ ‘ಪವರ್ ಕಾರ್ಡ್’ ಎಂದರೆ ಒಂದು ಮೂಲಸ್ವರ ಮತ್ತು ಅದರ ಐದನೆಯ ಸ್ವರವನ್ನು ಒಟ್ಟಿಗೆ ಮೀಟುವುದು. ನಮ್ಮ ಮಾತಿನಲ್ಲಿ ಷಡ್ಜ ಮತ್ತು ಪಂಚಮ, ತಂಬೂರಿಯ ತಂತಿಗಳಲ್ಲಿ ಸಾಮಾನ್ಯವಾಗಿ ಕೂಡಿಸುವ ಅದೇ ಸ್ವರಗಳು. ತಂಬೂರಿಯ ಕುದುರೆಯ ಮೇಲೆ ಎಳೆಯೊಂದನ್ನು ಇಟ್ಟು ಉಪಸ್ವರಗಳನ್ನು ಅರಳಿಸುವಂತೆ, ಇಲ್ಲಿ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ದುಡಿಸಿ ಅಲೆಯ ನೆತ್ತಿಯನ್ನು ಚಪ್ಪಟೆಯಾಗಿಸಿ ಉಪಸ್ವರಗಳನ್ನು ಕೆರಳಿಸುತ್ತಾರೆ. ಇದಕ್ಕೆ ಡಿಸ್ಟಾರ್ಷನ್ ಎಂದು ಹೆಸರು. ಎರಡರ ಭಾವ ಒಂದೇ ಎಂದು ಇಲ್ಲಿ ಹೇಳುತ್ತಿಲ್ಲ. ಒಂದು ಹಿನ್ನೆಲೆಯಲ್ಲಿ ತಣ್ಣಗೆ ಹರಿದರೆ ಇನ್ನೊಂದು ಎದೆಗೂಡನ್ನೇ ನೂಕುತ್ತದೆ. ಮೈದಾನದಲ್ಲಿ ಧ್ವನಿವರ್ಧಕಗಳ ಗೋಡೆಯ ಮುಂದೆ ನಿಂತವನಿಗೆ ತಗ್ಗಿನ ಸ್ವರಗಳು ಕಿವಿಗೆ ಕೇಳಿಸುವಷ್ಟೇ ಸ್ಪಷ್ಟವಾಗಿ ಎಲುಬಿಗೂ ಅಂಗಿಯ ಬಟ್ಟೆಗೂ ತಾಕುತ್ತವೆ. ಮರುದಿನ ಕಿವಿಯಲ್ಲಿ ಉಳಿಯುವ ಗುಂಯ್ ಎಂಬ ಸದ್ದು ಒಳಗಿವಿಯ ಸೂಕ್ಷ್ಮ ಕೋಶಗಳು ದಣಿದು ನೊಂದಿರುವುದರ ಗುರುತು. ಸಂಸ್ಕಾರವೆಂಬ ಪದವನ್ನು ಅಚ್ಚು ಎಂಬ ಅರ್ಥದಲ್ಲಿ ತೆಗೆದುಕೊಂಡರೆ ಇದು ಮೈಯ ಮೇಲೆಯೇ ಬಿದ್ದ ಸಂಸ್ಕಾರ, ಮತ್ತು ಪದೇಪದೇ ಬಿದ್ದರೆ ಶಾಶ್ವತ ಹಾನಿ.

ಇಷ್ಟಾದರೂ ಅಭಿಮಾನಿ ನೆನೆಯುವುದು ಹೆಚ್ಚಾಗಿ ಸಂಗೀತವನ್ನಲ್ಲ ಎಂಬುದು ಆಶ್ಚರ್ಯದ ಸಂಗತಿ. ಐರನ್ ಮೇಡನ್ ತಂಡ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ, ಅಲ್ಲಿ ನೆರೆದಿದ್ದವರಲ್ಲಿ ಬಹುಪಾಲು ಜನರಿಗೆ ಹಾಡುಗಳು ಕ್ಯಾಸೆಟ್ಟಿನಿಂದಲೂ ಸಿ.ಡಿ.ಯಿಂದಲೂ ಬಾಯಿಪಾಠವಾಗಿದ್ದವು, ಮುದ್ರಿಕೆಯಲ್ಲಿ ಸ್ವರಗಳು ಮೈದಾನಕ್ಕಿಂತ ಸ್ಪಷ್ಟವಾಗಿ ಕೇಳುತ್ತವೆ ಕೂಡ. ಹಾಗಿದ್ದ ಮೇಲೆ ಮುದ್ರಿಕೆಯಲ್ಲಿ ಸಿಗದ ಯಾವುದು ಅಲ್ಲಿ ದೊರೆಯಿತು? ಆ ತಂಡದ 1992ರ ‘ಫಿಯರ್ ಆಫ್ ದ ಡಾರ್ಕ್’ ಎಂಬ ಹಾಡನ್ನು ಗಮನಿಸಿದರೆ ಉತ್ತರದ ಜಾಡು ಸಿಗುತ್ತದೆ. ಲೋಕದ ಯಾವ ಊರಿನಲ್ಲಿ ಅದನ್ನು ನುಡಿಸಿದರೂ ಜನ ಸಾಹಿತ್ಯವನ್ನು ಮಾತ್ರವಲ್ಲ, ಗಿಟಾರ್ ನುಡಿಸುವ ರಾಗದ ಎಳೆಯನ್ನೇ ಮಾತಿಲ್ಲದೆ ‘ಓ’ ಎಂದು ಒಕ್ಕೊರಲಿನಿಂದ ಹಾಡುತ್ತಾರೆ. 2001ರ ಜನವರಿಯಲ್ಲಿ ರಿಯೊ ನಗರದಲ್ಲಿ ಮುದ್ರಿಸಿದ ಕಾರ್ಯಕ್ರಮದಲ್ಲಿ ಈ ಜನಕಂಠವು ವಾದ್ಯಗಳಷ್ಟೇ ಗಟ್ಟಿಯಾಗಿ ಕೇಳಿಸುತ್ತದೆ. ಸಾವಿರಾರು ಅಪರಿಚಿತರು ಅರ್ಥವಿಲ್ಲದ ಒಂದೇ ಸ್ವರವನ್ನು ಎತ್ತಿದಾಗ ತನ್ನ ದನಿ ಯಾವುದು, ಪಕ್ಕದವನದು ಯಾವುದು ಎಂದು ಹಾಡುವವನಿಗೇ ತಿಳಿಯುವುದಿಲ್ಲ. ಅಭಿಮಾನಿಗೆ ಹಾಡುಗಳ ಸರದಿ ಮರೆತುಹೋಗುತ್ತದೆ, ಯಾವ ಹಾಡಿನ ಹೊತ್ತಿಗೆ ಮಳೆ ಹನಿಯಿತೆಂಬುದು ಮಸುಕಾಗುತ್ತದೆ; ಈ ತಿಳಿಯದ ಕ್ಷಣ ಮಾತ್ರ ಮರೆಯುವುದಿಲ್ಲ.

ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ಈ ಕ್ಷಣವನ್ನು ಬಲ್ಲವನಾಗಿದ್ದ. ‘ತಂತ್ರಾಲೋಕ’ದ 28ನೆಯ ಆಹ್ನಿಕದಲ್ಲಿ ಅವನು ಹೇಳುವುದರ ಸಾರ ಹೀಗಿದೆ: ಚೈತನ್ಯವು ಎಲ್ಲೆಡೆ ಒಂದೇ ಆಗಿದ್ದರೂ ದೇಹಭೇದದಿಂದ ಮುದುಡಿಕೊಂಡಿರುತ್ತದೆ, ಜನ ಕೂಡಿದಾಗ ಒಬ್ಬರ ಚೈತನ್ಯ ಇನ್ನೊಬ್ಬರಲ್ಲಿ, ಎದುರುಬದುರಾಗಿಟ್ಟ ಅನೇಕ ಕನ್ನಡಿಗಳಲ್ಲಿ ಪ್ರತಿಫಲಿಸುವಂತೆ ಪ್ರತಿಫಲಿಸಿ ಅರಳುತ್ತದೆ, ಗೀತ, ನೃತ್ಯಗಳನ್ನು ನೋಡುವ ಸಭೆಯಲ್ಲಿ ಎಲ್ಲರೂ ತನ್ಮಯರಾದಾಗ ಹುಟ್ಟುವ ಆನಂದ ಒಬ್ಬೊಬ್ಬರ ಆನಂದವಲ್ಲ, ಇಡೀ ಸಭೆಯದು. ತನ್ಮಯನಾಗದ ಒಬ್ಬನಿದ್ದರೂ ಆ ಚೈತನ್ಯಕ್ಕೆ ಏರುಪೇರು ತಟ್ಟುತ್ತದೆ ಎಂದೂ ಅವನು ಎಚ್ಚರಿಸುತ್ತಾನೆ. ಅವನು ಈ ಮಾತನ್ನು ಆಡುತ್ತಿದ್ದುದು ಪೂಜಾಚಕ್ರದ, ಅಂದರೆ ಸಾಧಕರು ಕೂಡಿ ನಡೆಸುವ ಪೂಜೆಯ, ಪ್ರಸಂಗದಲ್ಲಿ. ಗಿಟಾರಿಗೆ ಅದನ್ನು ಹೊಂದಿಸುವುದು ಉದ್ಧಟತನವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಪೂಜೆಯ ಆನಂದವನ್ನು ವಿವರಿಸಲು ಪ್ರೇಕ್ಷಕರ ಆನಂದವನ್ನೇ ದೃಷ್ಟಾಂತವಾಗಿ ತಂದವನು ಅವನೇ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1912ರಲ್ಲಿ ಇಂಥದೇ ಸಾಮೂಹಿಕ ಉಕ್ಕನ್ನು ಧರ್ಮದ ಹುಟ್ಟಿಗೆ ಮೂಲವೆಂದ. ಅವನಿಗೆ ಅದು ಸಮಾಜ ತನ್ನನ್ನೇ ಆರಾಧಿಸಿಕೊಳ್ಳುವ ಬಗೆ. ಅನುಭವದ ಒಳಗನ್ನು ನೋಡುವವರಿಗೆ ಅಭಿನವಗುಪ್ತನ ಕನ್ನಡಿಗಳೇ ಹೆಚ್ಚು ಬೆಳಕು ಕೊಡುತ್ತವೆ.

ಗೆರೆ ಕರಗುವುದೆಲ್ಲ ಒಳಿತೇ ಎಂದು ಮಾತ್ರ ಯಾರೂ ತಿಳಿಯಬಾರದು. 2000ದ ಜೂನ್ 30ರಂದು ಡೆನ್ಮಾರ್ಕಿನ ರೋಸ್ಕಿಲ್ಡ ಉತ್ಸವದಲ್ಲಿ ಪರ್ಲ್ ಜಾಮ್ ತಂಡ ನುಡಿಸುತ್ತಿದ್ದಾಗ ವೇದಿಕೆಯ ಮುಂದಿನ ನೂಕುನುಗ್ಗಲಿನಲ್ಲಿ ಬಿದ್ದು, ಮೇಲೇಳಲಾಗದೆ ಒಂಬತ್ತು ಜನ ಸತ್ತರು. ಅವರನ್ನು ಕೊಲ್ಲಬೇಕೆಂದು ಯಾರೂ ಬಯಸಿರಲಿಲ್ಲ. ಹಿಂದಿನ ಸಾಲಿನವರಿಗೆ ಮುಂದಿನವರ ಉಸಿರು ಕಾಣಲಿಲ್ಲ, ಅಷ್ಟೆ. ಭಾರತದಲ್ಲಿ 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ತಂಡದ ಗುರುಗ್ರಾಮದ ಕಾರ್ಯಕ್ರಮ ರದ್ದಾದಾಗ ಜನ ವೇದಿಕೆಯ ಸಲಕರಣೆಗಳನ್ನು ಒಡೆದರು. ಎರಡು ದಿನಗಳ ನಂತರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ತಂಡದ ಮುಂದೆ ಅಂಥದೇ ಅಭಿಮಾನಿಗಳು ಮೈಮರೆತು ಹಾಡಿದರು. ಸಮೂಹದಲ್ಲಿ ಅರಳುವ ಚೈತನ್ಯಕ್ಕೆ ತನ್ನದೇ ಆದ ನೀತಿಯಿಲ್ಲ, ಅದನ್ನು ಹಿಡಿದು ನಿಲ್ಲಿಸುವ ನಾದವೋ ಕಟ್ಟಳೆಯೋ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮೆಟಲ್ ಲೋಕ ಅಂಥ ಒಂದು ಕಟ್ಟಳೆಯನ್ನು ತಾನೇ ರೂಪಿಸಿಕೊಂಡಿದೆ. ಮಾಶ್ ಪಿಟ್ ಎಂದರೆ ವೇದಿಕೆಯ ಮುಂದೆ ಜನ ಒಬ್ಬರಿಗೊಬ್ಬರು ಭುಜ ಕೊಟ್ಟು ಢಿಕ್ಕಿ ಹೊಡೆಯುತ್ತ ಸುತ್ತುವ ಬಯಲು; ಹೊರಗಿನವರಿಗೆ ಅದು ಹೊಡೆದಾಟವಾಗಿ ಕಾಣುತ್ತದೆ. ಅಲ್ಲಿ ಯಾರಾದರೂ ಬಿದ್ದರೆ ಹತ್ತಿರವಿದ್ದವರು ಕೂಡಲೇ ಕೈ ಚಾಚಿ ಸುತ್ತ ನಿಂತು ಜಾಗ ಮಾಡಿ, ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸುತ್ತಾರೆ. ಕಳಚಿದ ಬೂಟನ್ನು ಯಾರೋ ತಲೆಯ ಮೇಲೆತ್ತಿ ಹಿಡಿದು ಅದರ ಯಜಮಾನನನ್ನು ಹುಡುಕುತ್ತಾರೆ. ‘ನಾನು’ ಮಸುಕಾದಾಗಲೂ ‘ನೀನು’ ಅಳಿಯದಿರುವ ಈ ಸ್ಥಿತಿಯನ್ನು ಈ ಸಂಗೀತದ ಧರ್ಮವೆಂದೇ ಕರೆಯಬೇಕು.

ಈಗ ಸ್ಮೃತಿಯ ಪ್ರಶ್ನೆಗೆ ಮರಳಬಹುದು. ಸಂತ ಅಗಸ್ಟೀನ್ ತನ್ನ ‘ಕನ್ಫೆಷನ್ಸ್’ ಗ್ರಂಥದ 10ನೆಯ ಭಾಗದಲ್ಲಿ ನೆನಪನ್ನು ಮನಸ್ಸಿನ ಹೊಟ್ಟೆಗೆ ಹೋಲಿಸುತ್ತಾನೆ. ಸಿಹಿಯೂ ಕಹಿಯೂ ಅಲ್ಲಿ ಇಳಿದು ಉಳಿಯುತ್ತವೆ, ಆದರೆ ರುಚಿ ತಿಳಿಯುವುದಿಲ್ಲ, ಹಾಗಾಗಿ ಹಿಂದಿನ ಸಂತೋಷವನ್ನು ಸಂತೋಷಪಡದೆಯೂ ನೆನೆಯಬಹುದು. ದೇವಾಲಯದ ಹಾಡಿನಲ್ಲಿ ಹಾಡಿದ ವಿಷಯಕ್ಕಿಂತ ಕಂಠವೇ ತನ್ನನ್ನು ಹೆಚ್ಚು ಅಲುಗಿಸಿದರೆ ಅದು ತಪ್ಪೆಂದು ಅಳುಕಿದವನೂ ಅವನೇ. ನಾದದ ಬಲವನ್ನು ಅಷ್ಟು ಬಲ್ಲವನ ಈ ಹೋಲಿಕೆ ಇಲ್ಲಿ ಅರ್ಧ ಮಾತ್ರ ಹೊಂದುತ್ತದೆ. ಮನೆಯಲ್ಲಿ ಒಬ್ಬನೇ ಕುಳಿತ ಅಭಿಮಾನಿಗೆ ಆ ರಾತ್ರಿಯ ರುಚಿ ಮರಳುವುದಿಲ್ಲ, ನಿಜ. ಆದರೆ ಅಲ್ಲಿದ್ದ ಇನ್ನೊಬ್ಬ ಸಿಕ್ಕಿದಾಗ, ಒಬ್ಬ ಎತ್ತಿಕೊಟ್ಟ ಎಳೆಯನ್ನು ಇನ್ನೊಬ್ಬ ಮುಂದುವರಿಸಿದಾಗ, ಸ್ವಲ್ಪ ಮರಳುತ್ತದೆ. ಕೂಡಿ ಪಡೆದ ಅನುಭವದ ಸಂಸ್ಕಾರ ಹಲವರಲ್ಲಿ ಹಂಚಿಹೋಗಿರುವುದರಿಂದ ಅದನ್ನು ಎಚ್ಚರಿಸುವುದಕ್ಕೂ ಹಲವರು ಬೇಕು. ಭಕ್ತಿಯ ಒಂಬತ್ತು ಬಗೆಗಳಲ್ಲಿ ಶ್ರವಣ, ಕೀರ್ತನಗಳ ಬೆನ್ನಿಗೇ ಸ್ಮರಣವನ್ನು ಎಣಿಸಿದವರಿಗೆ ಈ ನಂಟು ತಿಳಿದಿತ್ತು.

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ, ತಾವು ಬೆಳೆದ ಆಸ್ಟನ್ ಬಡಾವಣೆಯಲ್ಲಿಯೇ, ಬ್ಲ್ಯಾಕ್ ಸಬ್ಬತ್ತಿನ ಗಾಯಕ ಆಜಿ ಆಸ್ಬಾರ್ನ್ ತಮ್ಮ ಮೂವರು ಮೂಲ ಸಂಗಡಿಗರೊಡನೆ 20 ವರ್ಷಗಳ ಬಳಿಕ ಹಾಡಿದರು. ಪಾರ್ಕಿನ್ಸನ್ಸ್ ಕಾಯಿಲೆಯಿಂದ ನಿಲ್ಲಲಾಗದೆ ಕಪ್ಪು ಸಿಂಹಾಸನದಲ್ಲಿ ಕುಳಿತೇ ಹಾಡಿದರು. ಕೊನೆಯ ಕಾರ್ಯಕ್ರಮವೆಂದು ಮೊದಲೇ ಸಾರಲಾಗಿತ್ತಾದರೂ ಅಂದು ಅಲ್ಲಿದ್ದವರ ಅನುಭವದಲ್ಲಿ ಅವರು ಇದ್ದರು, ಹಾಡುತ್ತಿದ್ದರು. 17 ದಿನಗಳ ಬಳಿಕ, ಜುಲೈ 22ರಂದು ಅವರು ತೀರಿಕೊಂಡಾಗ, ನಡೆದದ್ದರಲ್ಲಿ ಎಳ್ಳಷ್ಟೂ ಬದಲಾಗದೆ ಅದರ ನೆನಪು ಮಾತ್ರ ಬದಲಾಯಿತು. ಸಾವಿನ ಸುದ್ದಿ ಹೊರಗಿನಿಂದ ಬಂದದ್ದು, ಅದು ಸ್ಮೃತಿಯ ಕೊಡುಗೆಯಲ್ಲ ಎಂದು ನೈಯಾಯಿಕರು ಆಕ್ಷೇಪಿಸಬಹುದು, ಮತ್ತು ಆ ಆಕ್ಷೇಪ ಸಣ್ಣದಲ್ಲ. ಆದರೆ ಸುದ್ದಿ ಎಲ್ಲರಿಗೂ ಒಂದೇ ಆಗಿ ತಲುಪಿತು. ಕಂಡ ‘ಇದು’ ಇನ್ನು ‘ಅದು’ ಆಯಿತೆಂಬ ನೇರ ಅರಿವು ಅಂದು ಅಲ್ಲಿ ಕೂಡಿದ್ದವರಿಗೆ ಮಾತ್ರ ಬಂತು. ಈ ಒಂದು ವಿಷಯದಲ್ಲಿ ಜಯತೀರ್ಥರ ಪಕ್ಷವೇ ಸರಿ. ಜುಲೈ 30ರಂದು ಆಜಿಯ ಶವವಾಹನ ಬರ್ಮಿಂಗ್‌ಹ್ಯಾಮಿನ ಬ್ರಾಡ್ ಸ್ಟ್ರೀಟಿನಲ್ಲಿ ಸಾಗಿ ತಂಡದ ಹೆಸರು ಹೊತ್ತ ಸೇತುವೆಯ ಬಳಿ ನಿಂತಾಗ, ದಾರಿಯ ಎರಡೂ ಬದಿಗೆ ಸಾವಿರಾರು ಜನ ಕಾದು ನಿಂತಿದ್ದರು.