ಹರಕೆಯ ಮನೆ, ಹಳೆಯ ಮನೆ

ಬೆಟ್ಟ ಹತ್ತಿ ಬಂದ ಭಕ್ತಾದಿಗಳು ದರ್ಶನ ಮುಗಿಸಿ, ಮಂಗಳಾರತಿ ತೆಗೆದುಕೊಂಡು ಹೊರಗೆ ಬಂದ ಮೇಲೆ ಮಾಡುವ ಕೆಲಸ ಇನ್ನೊಂದುಂಟು. ದಾರಿಯ ಬದಿಯಲ್ಲಿ ಕುಳಿತು ಮೂರು ನಾಲ್ಕು ಕಲ್ಲುಗಳನ್ನು ಒಂದರ ಮೇಲೊಂದು ಇಡುತ್ತಾರೆ. ಅದು ಹರಕೆಯ ಮನೆ. "ಸ್ವಾಮೀ, ನಮಗೂ ಒಂದು ಸೂರು ಕೊಡಪ್ಪಾ" ಎಂಬ ಬೇಡಿಕೆ. ನಾಡಿನ ಅನೇಕ ಬೆಟ್ಟದ ಕ್ಷೇತ್ರಗಳಲ್ಲಿ ಈ ರೂಢಿ ಇದೆ. ವರ್ಷಗಟ್ಟಲೆ ಬಾಡಿಗೆ ಮನೆಯಲ್ಲಿ ಕಳೆದ ತಾಯಿಯೊಬ್ಬಳು ಕಣ್ಣಲ್ಲಿ ನೀರು ತುಂಬಿಕೊಂಡು ಆ ಕಲ್ಲಿಡುವುದನ್ನು ನೋಡಿದವರು ಅದನ್ನು ಮೂಢನಂಬಿಕೆ ಎಂದು ನಗಲಾರರು.

ಆದರೆ ಆ ಕಲ್ಲು ಎಲ್ಲಿಂದ ಬಂತು? ಪ್ರಶ್ನೆ ಸಣ್ಣದು. ಅದರೊಳಗಿನ ಧರ್ಮಸೂಕ್ಷ್ಮ ಸಣ್ಣದಲ್ಲ.

ಚನ್ನಗಿರಿಯ ಬೆಟ್ಟವನ್ನೇ ನೋಡಬಹುದು. ಊರಿನ ಮಗ್ಗುಲಲ್ಲಿ ಗುಡ್ಡ, ಗುಡ್ಡದ ಮೇಲೆ ಕಲ್ಲಿನ ಕೋಟೆ, ಕೋಟೆಯೊಳಗೆ ರಂಗನಾಥಸ್ವಾಮಿ. ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದಲೇ ಊರಿಗೆ ಈ ಹೆಸರು ಬಂದಿತೆಂಬುದು ಪ್ರತೀತಿ. ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಬಂದಾಗ, ಔರಂಗಜೇಬನ ಸಿಟ್ಟಿಗೂ ಹೆದರದೆ ಅವನಿಗೆ ಆಶ್ರಯ ಕೊಟ್ಟ ಮಹಾತಾಯಿ ಅವಳು. ನೆಲೆಯಿಲ್ಲದವನಿಗೆ ನೆಲೆ ಕೊಟ್ಟವಳ ಹೆಸರಿನ ಊರಿದು. ಇಂದು ಕೋಟೆಯಲ್ಲಿ ಪಹರೆಯವರಿಲ್ಲ, ಕುದುರೆಗಳಿಲ್ಲ. ದೇವರಿಗೆ ದೀಪ ಹಚ್ಚುವವರಿದ್ದಾರೆ.

ಇಂಥ ಕಡೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: "ಯಾರದೋ ಏನೋ, ಬಿದ್ದಿರೋ ಕಲ್ಲು. ಒಂದು ತಗೊಂಡ್ರೆ ಏನಾತು?" ಇದಕ್ಕಿಂತ ಗಟ್ಟಿಯಾದ ಮಾತೂ ಒಂದಿದೆ: "ಬದುಕಿರೋನಿಗೇ ಮಲಗಾಕೆ ಜಾಗ ಇಲ್ಲ, ಸತ್ತೋರ ಮನೆಗೆ ಕಾವಲು ಯಾಕೆ?" ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಇದಕ್ಕೆ ಉತ್ತರ ಹುಡುಕುವವರು ಕೊಪ್ಪಳ ಜಿಲ್ಲೆಯ ಗಂಗಾವತಿ ಸಮೀಪದ ಹಿರೇಬೆಣಕಲ್ ಬೆಟ್ಟವನ್ನು ಒಮ್ಮೆ ಹತ್ತಬೇಕು. ಅಲ್ಲಿ ಬೆಟ್ಟದ ಮೇಲೆ ಕಲ್ಲಿನದೇ ಒಂದು ಕೇರಿ ಇದೆ. ದೊಡ್ಡ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೆ ಇನ್ನೊಂದು ಚಪ್ಪಡಿ ಹೊದಿಸಿದ ಮನೆಗಳು. ಕೆಲವಕ್ಕೆ ಕಿಂಡಿಯ ಹಾಗೆ ಕೊರೆದ ದುಂಡನೆಯ ತೂತು. ಚಿಕ್ಕವು, ದೊಡ್ಡವು, ನಿಂತವು, ಬಿದ್ದವು ಎಲ್ಲ ಸೇರಿ ಸುಮಾರು 400. ವಯಸ್ಸು 2000 ವರ್ಷಕ್ಕೂ ಹೆಚ್ಚು. ದೂರದಿಂದ ನೋಡಿದರೆ ನಮ್ಮ ಹರಕೆಯ ಮನೆಗಳೇ ಬೆಳೆದು ನಿಂತ ಹಾಗಿದೆ. ಸುತ್ತಲಿನ ಜನ ಇದನ್ನು ಮೋರೇರ ಬೆಟ್ಟ ಎನ್ನುತ್ತಾರೆ. ಮೋರೇರು ಎಂಬ ಗಿಡ್ಡ ಜನ ಇಲ್ಲಿ ಬಾಳಿದರೆಂದು ಕಥೆ. ಇವು ಬಾಳಿದ ಮನೆಗಳಲ್ಲ, ಸತ್ತವರಿಗಾಗಿ ಬದುಕಿದ್ದವರು ಕಟ್ಟಿದ ಮನೆಗಳು ಎಂಬುದು ಸಂಶೋಧಕರ ಅಭಿಪ್ರಾಯ. 2021ರಲ್ಲಿ ಈ ಬೆಟ್ಟ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು.

ಯಂತ್ರವಿಲ್ಲದ ಕಾಲದಲ್ಲಿ ಅಷ್ಟು ಭಾರದ ಚಪ್ಪಡಿಯನ್ನು ಬಂಡೆಯಿಂದ ಬಿಡಿಸಿ, ಎತ್ತಿ ನಿಲ್ಲಿಸಲು ಎಷ್ಟು ಹೆಗಲು ಬೇಕಾಗಿರಬೇಕು! ತಿರುಗಿ ಒಂದು ಮಾತನ್ನೂ ಆಡಲಾರದ ಹಿರಿಯರಿಗಾಗಿ ಆ ಜನ ಅಷ್ಟು ಬೆವರು ಸುರಿಸಿದರು. ಅವರ ಹೆಸರು, ಭಾಷೆ, ದೇವರು ಯಾವುದೂ ಇಂದು ಉಳಿದಿಲ್ಲ. ಉಳಿದದ್ದು ಆ ಋಣಭಾವ ಒಂದೇ, ಕಲ್ಲಾಗಿ.

ಇಲ್ಲಿ ಕೆಲವರು ಬಸವಣ್ಣನವರನ್ನು ನೆನೆಯಬಹುದು. ಸ್ಥಾವರಕ್ಕಿಂತ ಜಂಗಮ ದೊಡ್ಡದೆಂದ ನಾಡಿನಲ್ಲಿ ಕಲ್ಲಿಗೆ ಇಷ್ಟು ಮಹತ್ವ ಯಾಕೆ? ಆದರೆ ಶರಣರು ಅಲ್ಲಗಳೆದದ್ದು ಕಟ್ಟಿಸಿದವನ ಹಮ್ಮನ್ನು. ಕಟ್ಟಿದ್ದನ್ನು ಕಿತ್ತುಹಾಕಿ ಎಂದು ಅವರು ಹೇಳಲಿಲ್ಲ. ಹಳೆಯ ಗೋಡೆಯ ಮೇಲೆ ತನ್ನ ಹೆಸರು ಕೊರೆಯುವವನಲ್ಲಿ ಇರುವುದು ಅದೇ ಹಮ್ಮು. ಅವನು ಕಟ್ಟದೆಯೇ ಕಟ್ಟಿದವನಾಗಲು ಹೊರಟವನು.

ಕಾನೂನೂ ಇದೆ. ಕೇಂದ್ರದ 1958ರ ಕಾಯ್ದೆಯಂತೆ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷದವರೆಗೆ ಜೈಲು, ಇಲ್ಲವೆ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದರೆ ಬೆಟ್ಟದ ಮೇಲೆ ಯಾರೂ ನೋಡದ ಹೊತ್ತಿನಲ್ಲಿ ಕೈ ತಡೆಯುವುದು ಕಾನೂನಲ್ಲ, ಮನಸ್ಸು.

ಹಿಂದೆ ಮಳೆಗಾಲದಲ್ಲಿ ಮನೆ ಬಿದ್ದು, ಮಕ್ಕಳನ್ನು ಕಟ್ಟಿಕೊಂಡು ನಿಂತ ಬಡವನೊಬ್ಬ ಪಾಳು ಕೋಟೆಯ ಕಲ್ಲು ಹೊತ್ತು ತಂದು ತಳಪಾಯಕ್ಕೆ ಹಾಕಿದ್ದರೆ, ಅವನನ್ನು ಪಾಪಿ ಎನ್ನಲು ಬಾಯಿ ಬರುವುದಿಲ್ಲ. ಅವನಿಗೆ ಆ ಕಲ್ಲು ಬೇಕಿತ್ತು. ನ್ಯಾಮತಿ ಸೀಮೆಯ ತೀರ್ಥರಾಮೇಶ್ವರಕ್ಕೋ, ಜಗಳೂರು ಕಡೆಯ ಕೊಡದಗುಡ್ಡಕ್ಕೋ, ಈ ಬೆಟ್ಟಕ್ಕೋ ಬುತ್ತಿ ಕಟ್ಟಿಕೊಂಡು ಬರುವ ಯಾತ್ರಿಕನ ಸ್ಥಿತಿ ಅದಲ್ಲ. ಅವನು ಗೋಡೆಯಿಂದ ಕೀಳುವ ಕಲ್ಲು ಯಾರ ತಲೆಯ ಮೇಲೂ ಸೂರಾಗುವುದಿಲ್ಲ. ಬಿದ್ದ ಕಲ್ಲಾದರೂ ಸುಮ್ಮನೆ ಬಿದ್ದಿರುವುದಿಲ್ಲ. ಗೋಡೆ ಎಲ್ಲಿತ್ತು, ಬಾಗಿಲು ಯಾವ ಕಡೆಗಿತ್ತು ಎಂದು ಹೇಳಲು ಉಳಿದಿರುವ ಸಾಕ್ಷಿ ಅದೊಂದೇ.

ನೆರೆಯವರು ಊರಿಗೆ ಹೋಗುವಾಗ ನಂಬಿ ಇಟ್ಟುಹೋದ ಗಂಟನ್ನು ನಮ್ಮ ಹಿರಿಯರು ಬಿಚ್ಚಿ ನೋಡುತ್ತಿರಲಿಲ್ಲ. ಇಟ್ಟವರು ಬಾರದೆ ಹೋದರೆ ಅವರ ಮಕ್ಕಳಿಗಾಗಿ ಕಾಯುತ್ತಿದ್ದರು. ಹಳೆಯ ಕಲ್ಲುಮನೆಯೂ ಅಂಥ ಗಂಟು. ಇಟ್ಟವರು ಬರುವುದಿಲ್ಲ, ಕೇಳಲು ಬರುವವರು ಇನ್ನೂ ಹುಟ್ಟಿಲ್ಲ. ಕೇಳುವವರಿಲ್ಲದಾಗ ಕಾಯುವುದೇ ನಂಬಿಕೆ. ಆಶ್ರಯ ಬೇಡಿ ಬಂದವನಿಂದ ಚೆನ್ನಮ್ಮಾಜಿಗೆ ಬಂದದ್ದು ಲಾಭವಲ್ಲ, ಯುದ್ಧ. ಆದರೂ ಅವಳು ಕೈಬಿಡಲಿಲ್ಲ.

ತನಗೊಂದು ಮನೆ ಕೊಡು ಎಂದು ಬೇಡುವವನು ಇನ್ನೊಬ್ಬರ ಮನೆಯ ಕಲ್ಲು ಕಿತ್ತು ಬೇಡಬಾರದು. ಕಲ್ಲಿಲ್ಲದಿದ್ದರೂ ಹರಕೆ ಕಟ್ಟಿಕೊಳ್ಳಬಹುದು. ಎರಡು ಕೈ ಜೋಡಿಸಿದರೆ ಅದೂ ಒಂದು ಮನೆಯ ಮಾಡಿನಂತೆಯೇ ಕಾಣುತ್ತದೆ. ಸ್ವಾಮಿಗೆ ಅಷ್ಟು ಸಾಕು.